ಅಮ್ಮನ ಮಾತ್ರೆ ಕವರು, ತಮ್ಮನ ಜೀನ್ ರಿಪೋರ್ಟು: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನವಳು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ನಮ್ಮ ಅಮ್ಮನಿಗೆ ಈಗ 71 ವರ್ಷ. ಒಂಬತ್ತು ವರ್ಷದಿಂದ ಶುಗರ್, ಬಿಪಿ ಇದೆ. ನಾಲ್ಕು ವರ್ಷದಿಂದ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ.

ನಮ್ಮೂರಿನ ಮಹಿಳಾ ಡೇರಿಯಲ್ಲಿ ಅಮ್ಮ 22 ವರ್ಷ ಕಾರ್ಯದರ್ಶಿ ಆಗಿದ್ದರು. ಯಾರ ಮನೆಯ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು ಬಂತು, ಯಾರ ಬಟವಾಡೆಯಲ್ಲಿ ಫೀಡ್ ಮೂಟೆಯ ದುಡ್ಡು ಹಿಡಿಯಬೇಕು, ಎಲ್ಲ ಬಾಯಲ್ಲೇ ಇರುತ್ತಿತ್ತು. ಪುಸ್ತಕ ತೆಗೆಯೋದು ಬರೀ ಆಡಿಟ್‌ನವರು ಬಂದಾಗ. ಅಂಥವರು ಡೇರಿ ಬಿಟ್ಟ ಮೇಲೂ ಮನೆ ಹಾಲಿನ ಲೆಕ್ಕ ಇಡುತ್ತಿದ್ದರು. ಒಂದು ದಿನ ಒಂದೇ ಲೆಕ್ಕವನ್ನು ಮೂರು ಸಲ ಬರೆದಿದ್ದರು. ಮೂರರಲ್ಲೂ ಬೇರೆ ಬೇರೆ ಮೊತ್ತ. ನಾನು ತೋರಿಸಿದೆ. ಅಮ್ಮ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು, "ಕಣ್ಣು ಕಾಣಲ್ಲ ಕಣೇ" ಅಂದರು. ನಾನು ನಂಬಿದೆ. ನಂಬೋಕೆ ಇಷ್ಟ ಇತ್ತು.

ಆಮೇಲೆ ಎರಡು ವರ್ಷ ಸುಮ್ನೆ ಹೋಯಿತು. ಸಾರಿಗೆ ಎರಡೆರಡು ಸಲ ಉಪ್ಪು. ಕೇಳಿದ್ದನ್ನೇ ಕೇಳೋದು. ಯಾರಿಗೆ ಹೇಳಿದರೂ ಒಂದೇ ಉತ್ತರ: "ಅರವತ್ತಕ್ಕೆ ಅರಳು ಮರಳು ಅಲ್ವಾ?" ಈ ಗಾದೆ ನಮ್ಮಲ್ಲಿ ಎಷ್ಟು ಬೇರು ಬಿಟ್ಟಿದೆ ಅಂದರೆ, ಕಾಯಿಲೆಗೂ ವಯಸ್ಸಿಗೂ ವ್ಯತ್ಯಾಸ ಇದೆ ಅಂತ ನಮಗೆ ಹೊಳೆಯುವುದೇ ಇಲ್ಲ. ನಮ್ಮ ಅಜ್ಜಿಯೂ ಹೀಗೇ ಆಗಿದ್ದರು. ಆಗಲೂ ಅರಳು ಮರಳು ಅಂದುಕೊಂಡೇ ಮಣ್ಣು ಮಾಡಿದೆವು.

ಹೋದ ವರ್ಷ ಒಂದು ಬೆಳಗಿನ ಜಾವ, ನಾಲ್ಕು ಗಂಟೆ ಇರಬಹುದು, ಅಮ್ಮ ಗೊರಗೊರ ಅನ್ನುವ ಸದ್ದಿಗೆ ಎಚ್ಚರ ಆಯಿತು. ಸೀರೆ, ದಿಂಬು ಎಲ್ಲ ಬೆವರಿನಲ್ಲಿ ತೊಯ್ದುಹೋಗಿತ್ತು. ಕೈ ತಣ್ಣಗೆ. ಕರೆದರೆ ಕಣ್ಣು ಬಿಡುತ್ತಾರೆ, ಮಾತಿಲ್ಲ. ಪಕ್ಕದ ಮನೆಯವರ ಟೊಮೆಟೊ ಸಾಗಿಸುವ ಗಾಡಿಯಲ್ಲಿ ಮಲಗಿಸಿಕೊಂಡು ಓಡಿದೆವು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಶುಗರ್ ತೀರಾ ಕೆಳಗೆ, ಬರೀ 41. ಡ್ರಿಪ್ ಏರಿಸಿದರು. ಅರ್ಧ ಗಂಟೆಯಲ್ಲಿ ಅಮ್ಮ ಕಣ್ಣು ಬಿಟ್ಟು ನನ್ನ ಮುಖ ನೋಡಿ, "ತಿನ್ನಾವಾ?" ಅಂದರು. ನಮ್ಮ ಕಡೆ ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಊಟ ಆಯ್ತಾ ಅಂತ ಕೇಳುತ್ತಿದ್ದರು. ನಾನು ಗೋಡೆಗೆ ತಿರುಗಿ ಅತ್ತೆ.

ಆಗಿದ್ದು ಇಷ್ಟೇ. ರಾತ್ರಿ ಶುಗರ್ ಮಾತ್ರೆ ತಗೊಂಡಿದ್ದರು. ತಗೊಂಡದ್ದು ಮರೆತು ಇನ್ನೊಂದು ತಗೊಂಡಿದ್ದರು. ಊಟ ಮಾಡಿದ್ದೇನೆ ಅಂದುಕೊಂಡು ಮುದ್ದೆ ಮುಟ್ಟಿರಲಿಲ್ಲ. "ಮಾತ್ರೆ ಯಾರು ಕೊಡೋದು?" ಅಂತ ಡ್ಯೂಟಿ ಡಾಕ್ಟ್ರು ಕೇಳಿದರು. "ಅವರೇ ತಗೊಳ್ತಾರೆ" ಅಂದೆ. "ಮರೆವು ಇದೆ ಅಂತ ಶುಗರ್ ಡಾಕ್ಟ್ರಿಗೆ ಹೇಳಿದ್ರಾ?" ಇಲ್ಲ. ಅವರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಅಮ್ಮನ ಹತ್ತಿರ ಒಂದು ಹಳದಿ ಪ್ಲಾಸ್ಟಿಕ್ ಕವರ್ ಇದೆ, ಸೀರೆ ಅಂಗಡಿಯದು. ಅದರಲ್ಲಿ ನಾಲ್ಕು ಕಡೆಯ ಚೀಟಿಗಳಿವೆ. ಶುಗರ್-ಬಿಪಿಗೆ ಒಬ್ಬರು, ಮಂಡಿ ನೋವಿಗೆ ಒಬ್ಬರು, ನಿದ್ದೆ ಬರಲ್ಲ ಅಂತ ಹೋದಾಗ ಬರೆದುಕೊಟ್ಟವರು ಇನ್ನೊಬ್ಬರು, ಮರೆವಿಗೆ ಮತ್ತೊಬ್ಬರು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿಲ್ಲ. ವಯಸ್ಸಾದವರಿಗೆ ಕೆಲವು ನಿದ್ದೆ ಮಾತ್ರೆಗಳು ಮಂಕು ಜಾಸ್ತಿ ಮಾಡುತ್ತವೆ ಅಂತ ನಮಗೆ ಗೊತ್ತಾಗಿದ್ದು ಆಮೇಲೆ. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆ ಆಗಬಹುದು, ಬಿ12 ಕಡಿಮೆ ಆದರೆ ಮರೆವು, ಕಾಲು ಜೋಮು ಬರಬಹುದು ಅಂತಲೂ ಆಮೇಲೆ ಗೊತ್ತಾಯಿತು. ಒಂಬತ್ತು ವರ್ಷದಲ್ಲಿ ಯಾರೂ ಆ ಟೆಸ್ಟ್ ಬರೆದಿರಲಿಲ್ಲ. ಮಾಡಿಸಿದರೆ ಬಹಳ ಕಡಿಮೆ ಇತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಕಾಲಿನ ಜೋಮು ಹೋಯಿತು, ಸ್ವಲ್ಪ ಚುರುಕಾದರು. ಮರೆವು ಹೋಗಲಿಲ್ಲ. ಅದು ಬೇರೆಯದೇ ಅಂತ ಆಗ ಖಚಿತ ಆಯಿತು.

ನಾನು ಯಾವ ಡಾಕ್ಟ್ರನ್ನೂ ದೂರುತ್ತಿಲ್ಲ. ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸ ಸರಿಯಾಗೇ ಮಾಡಿದ್ದಾರೆ. ಆದರೆ ಅಮ್ಮನನ್ನು ಪೂರ್ತಿಯಾಗಿ ನೋಡುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ.

ಈಗ ತಮ್ಮನ ವಿಷಯ. ಅವನು ಬೆಂಗಳೂರಿನಲ್ಲಿದ್ದಾನೆ, 44 ವರ್ಷ. ಅಮ್ಮನನ್ನು ನೋಡಿ ಹೆದರಿ ಆನ್‌ಲೈನಿನಲ್ಲಿ ಒಂದು ಜೀನ್ ಟೆಸ್ಟ್ ಕಿಟ್ ತರಿಸಿದ. ಟ್ಯೂಬಿಗೆ ಉಗುಳಿ ಕಳಿಸಿದ. ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. "ಅಕ್ಕಾ, ನನಗೂ ಇದೆ" ಅಂದ. ರಿಪೋರ್ಟ್ ಮೊಬೈಲಿಗೆ ಬಂದಿತ್ತು. ಕೆಂಪು ಬಣ್ಣದಲ್ಲಿ "ಹೆಚ್ಚಿನ ಅಪಾಯ" ಅಂತ ಇತ್ತಂತೆ. ಅದರ ಅರ್ಥ ಏನು ಅಂತ ಹೇಳೋಕೆ ಒಬ್ಬ ಮನುಷ್ಯರೂ ಇರಲಿಲ್ಲ. ಮೂರು ವಾರ ಅವನು ನಿದ್ದೆ ಮಾಡಲಿಲ್ಲ. ತನ್ನ ಮಗಳಿಗೂ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ. ಅವಳಿಗೆ ಹದಿನಾಲ್ಕು.

ಅವನಿಗಾಗಿ ನಾನು ಕಲಿತದ್ದನ್ನು ಇಲ್ಲೂ ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಇದೇ ಭಯ ಇದೆ.

ಅವನ ರಿಪೋರ್ಟಿನಲ್ಲಿದ್ದದ್ದು ಅಪೋ-ಇ ಅನ್ನುವ ಜೀನಿನ 4ನೇ ಬಗೆ. ಈ ಜೀನು ಮಿದುಳಿನಲ್ಲಿ ಕೊಬ್ಬು ಸಾಗಿಸುವ ಒಂದು ಪ್ರೋಟೀನನ್ನು ಮಾಡುತ್ತದೆ. 2, 3, 4 ಅಂತ ಮೂರು ಬಗೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು ನಮಗೆ ಬರುತ್ತದೆ. ಹೆಚ್ಚಿನವರಲ್ಲಿ ಇರುವುದು 3. ಡಿಮೆನ್ಶಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆ ಆಲ್ಝೈಮರ್ಸ್. ಆ ಕಾಯಿಲೆಯಲ್ಲಿ ಮಿದುಳಿನಲ್ಲಿ ಅಮಿಲಾಯ್ಡ್ ಅನ್ನುವ ಕಸ ಕಟ್ಟಿಕೊಳ್ಳುತ್ತದೆ. 4ನೇ ಬಗೆ ಇದ್ದವರಲ್ಲಿ ಆ ಕಸ ಸರಿಯಾಗಿ ಹೊರಗೆ ಹೋಗುವುದಿಲ್ಲ. 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಈ ನಂಟನ್ನು ಕಂಡುಹಿಡಿದರು. ಒಂದು 4 ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡೂ 4 ಆದರೆ ಎಂಟು-ಹನ್ನೆರಡು ಪಟ್ಟು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 2ನೇ ಬಗೆ ಇದ್ದರೆ ಅಪಾಯ ಕಡಿಮೆ.

ಕೇಳೋಕೆ ಭಯ ಆಗುತ್ತದೆ, ನಿಜ. ಆದರೆ 4 ಇದ್ದೂ ಕೊನೆತನಕ ನೆಟ್ಟಗೆ ಇರುವವರು ಇದ್ದಾರೆ. 4 ಇಲ್ಲದೆಯೂ ಕಾಯಿಲೆ ಬಂದವರು ಬೇಕಾದಷ್ಟು ಜನ. ಇದ್ದರೆ ಬಹುಮಟ್ಟಿಗೆ ಬಂದೇ ಬರುತ್ತದೆ ಅನ್ನುವಂಥ ಜೀನ್ ದೋಷಗಳು ಬೇರೆ ಇವೆ, ಅವು ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಅನ್ನುವ ಜೀನುಗಳಲ್ಲಿ. ಅಂಥ ಕುಟುಂಬಗಳಲ್ಲಿ 40-50ರ ವಯಸ್ಸಿಗೇ ಶುರುವಾಗಬಹುದು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಆದರೆ ಒಟ್ಟು ಆಲ್ಝೈಮರ್ಸ್ ರೋಗಿಗಳಲ್ಲಿ ಇವರು ನೂರಕ್ಕೆ ಒಬ್ಬರ ಆಸುಪಾಸು. ಅಮ್ಮನಿಗೂ ಅಜ್ಜಿಗೂ ಬಂದದ್ದು ಅರವತ್ತು ದಾಟಿದ ಮೇಲೆ. ಈ ವ್ಯತ್ಯಾಸವನ್ನು ತಮ್ಮನಿಗೆ ಹತ್ತು ನಿಮಿಷ ಕೂತು ಯಾರಾದರೂ ಹೇಳಿದ್ದರೆ ಮೂರು ವಾರದ ನಿದ್ದೆ ಉಳಿಯುತ್ತಿತ್ತು.

ಇನ್ನೊಂದು ಮಾತು. ಆ ಮೂರು ಪಟ್ಟು, ಹನ್ನೆರಡು ಪಟ್ಟು ಅನ್ನುವ ಲೆಕ್ಕ ಹೆಚ್ಚಾಗಿ ಯುರೋಪ್ ಮೂಲದವರನ್ನು ನೋಡಿ ಹಾಕಿದ್ದು. ನಮ್ಮ ದೇಶದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಜನರಿಗಿಂತ ಈ 4ನೇ ಬಗೆ ಕಡಿಮೆ ಇತ್ತು. ಆದರೆ ಇದ್ದವರಲ್ಲಿ ಅದರ ಪರಿಣಾಮ ಅಲ್ಲಿನಷ್ಟೇ ಇತ್ತು. ಭಾರತದ 83 ಸಮುದಾಯಗಳ 10,000 ಜನರ ಜೀನ್ ನಕ್ಷೆ ತಯಾರಿಸಿದ ಜೀನೋಮ್ ಇಂಡಿಯಾ ಯೋಜನೆಯ ಮುಂದಾಳತ್ವ ವಹಿಸಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ. ಅದರ ಮಾಹಿತಿ ಸಂಶೋಧಕರ ಕೈಗೆ ಬಂದದ್ದು 2025ರ ಜನವರಿಯಲ್ಲಿ. ಅಂದರೆ ನಮ್ಮ ಜನರ ಲೆಕ್ಕ ಈಗಷ್ಟೇ ಶುರುವಾಗಿದೆ. ಅಷ್ಟರಲ್ಲಿ ಕಿಟ್ ಮಾರುವವರು ಕೆಂಪು ಬಣ್ಣದಲ್ಲಿ ಭವಿಷ್ಯ ಬರೆದು ಕಳಿಸುತ್ತಿದ್ದಾರೆ.

ಮಾನ್ಯರೇ, ನನಗೆ ನಿಜವಾಗಿ ಕೆಟ್ಟದ್ದು ಅನಿಸಿದ್ದು ಬೇರೆ. ತಮ್ಮನನ್ನು ಸಮಾಧಾನ ಮಾಡೋಕೆ ಬೆಂಗಳೂರಿಗೆ ಹೋಗಿದ್ದೆ. ಮಾತಿನ ನಡುವೆ, "ಬಿಪಿ ನೋಡಿಸ್ಕೊಂಡಿದ್ದೀಯಾ?" ಅಂದೆ. "ಎರಡು ವರ್ಷದಿಂದ 150-100 ಇದೆ ಅಕ್ಕಾ, ಮಾತ್ರೆ ಶುರು ಮಾಡಿದರೆ ಬಿಡೋಕಾಗಲ್ಲ ಅಂತ ಸುಮ್ನಿದ್ದೀನಿ" ಅಂದ. ಬದಲಾಯಿಸೋಕೆ ಆಗದ ಜೀನನ್ನು ದುಡ್ಡು ಕೊಟ್ಟು ನೋಡಿಸಿದ್ದಾನೆ. ಪುಕ್ಕಟೆ ಸಿಗುವ ಮಾತ್ರೆಯಿಂದ ಇಳಿಯುವ ಬಿಪಿಯನ್ನು ಹಾಗೇ ಬಿಟ್ಟಿದ್ದಾನೆ. ನಡುವಯಸ್ಸಿನ ಬಿಪಿ ಮುಂದೆ ಮಿದುಳಿಗೆ ಏನು ಮಾಡುತ್ತದೆ ಅಂತ ಅವನಿಗೆ ಒಬ್ಬರೂ ಹೇಳಿಲ್ಲ. ಬಿಪಿ ಅಂದರೆ ಹಾರ್ಟು, ಶುಗರ್ ಅಂದರೆ ಕಾಲು ಮತ್ತು ಕಣ್ಣು. ನಮಗೆಲ್ಲ ಗೊತ್ತಿರುವುದು ಇಷ್ಟೇ.

2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಶಿಯಾಗೆ ದಾರಿ ಮಾಡುವ, ಆದರೆ ಬದಲಾಯಿಸಬಹುದಾದ 14 ಕಾರಣಗಳನ್ನು ಹೇಳಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಕಿವಿ ಕೇಳಿಸದಿರುವುದು, ಕಣ್ಣು ಮಂಜಾಗುವುದು, ಖಿನ್ನತೆ, ಒಂಟಿತನ, ಬೀಡಿ-ಸಿಗರೇಟು, ಕುಡಿತ, ತಲೆಗೆ ಪೆಟ್ಟು, ಓದು ಕಡಿಮೆ ಇರುವುದು, ಹೀಗೆ. ಇವೆಲ್ಲವನ್ನೂ ಸರಿ ಮಾಡಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಮೇಲೆ ನಡೆದ ಪ್ರಯೋಗದ ಫಲ 2015ರಲ್ಲಿ ಬಂತು. ಅರ್ಧ ಜನರಿಗೆ ಊಟ, ವ್ಯಾಯಾಮ, ತಲೆಗೆ ಕೆಲಸ, ಬಿಪಿ-ಶುಗರ್ ಮೇಲೆ ನಿಗಾ, ಎಲ್ಲವನ್ನೂ ಒಟ್ಟಿಗೆ ಎರಡು ವರ್ಷ ಕೊಟ್ಟರು. ಅವರ ನೆನಪು, ಚುರುಕುತನ ಉಳಿದವರಿಗಿಂತ ಚೆನ್ನಾಗಿತ್ತು. ಅಪೋ-ಇ 4 ಇದ್ದವರಿಗೂ ಅದರಿಂದ ಉಪಯೋಗ ಆಯಿತು. ಈ ಕೊನೆಯ ಮಾತನ್ನು ತಮ್ಮನಿಗೆ ಎರಡು ಸಲ ಓದಿ ಹೇಳಿದೆ.

ಹೈದರಾಬಾದಿನಲ್ಲಿ ನಡೆದ ಒಂದು ಅಧ್ಯಯನವನ್ನೂ ಹೇಳಿದೆ. ಆಗ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿದ್ದು, ಆಮೇಲೆ ನಿಮ್ಹಾನ್ಸ್‌ಗೆ ಬಂದ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ್ದು. ಎರಡು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬರಹ ಇಲ್ಲದವರಲ್ಲೂ ಸಹ. ಅಮ್ಮನ ತೆಲುಗು-ಕನ್ನಡ ಅವರಿಗೆ ಒಂದಷ್ಟು ವರ್ಷ ಕೊಟ್ಟಿರಬಹುದು ಅಂದುಕೊಂಡರೆ ನನಗೆ ಸಮಾಧಾನ ಆಗುತ್ತದೆ.

ಇನ್ನು ನಿಮ್ಮ ಮುಂದೆ ಇಡಬೇಕಾದ ವಿಷಯ.

ನಮ್ಮ ಕೋಲಾರ ಜಿಲ್ಲೆಯ ಪುಣ್ಯ ನೋಡಿ. ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ಅದೇ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ನಿಮ್ಹಾನ್ಸ್ ಜೊತೆ ಸೇರಿ ನೀವು 2022ರಲ್ಲಿ ಶುರು ಮಾಡಿದ ಬ್ರೈನ್ ಹೆಲ್ತ್ ಕಾರ್ಯಕ್ರಮದ ಮೊದಲ ಕ್ಲಿನಿಕ್‌ಗಳಲ್ಲಿ ಒಂದು ಕೋಲಾರದ ಜಿಲ್ಲಾ ಆಸ್ಪತ್ರೆಯದು. ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವ "ಗೃಹ ಆರೋಗ್ಯ" 2024ರ ಅಕ್ಟೋಬರಿನಲ್ಲಿ ಮೊದಲು ಬಂದದ್ದೂ ನಮ್ಮ ಜಿಲ್ಲೆಗೇ. ಮೂರೂ ಒಂದೇ ಜಿಲ್ಲೆಯಲ್ಲಿ. ಒಂದಕ್ಕೊಂದು ಕೈ ಹಿಡಿದುಕೊಳ್ಳುವುದಷ್ಟೇ ಬಾಕಿ.

ಕೈ ಹಿಡಿಯುವ ಜಾಗವೂ ಆಗಲೇ ಇದೆ. ಕಾಯಿಲೆಯ ಅಪಾಯ ಯಾರಿಗಿದೆ ಅಂತ ಮನೆಯವರನ್ನು ಕೇಳಿ ಆಶಾ ಕಾರ್ಯಕರ್ತೆಯರು ತುಂಬುವ ಸಿಬ್ಯಾಕ್ ಫಾರಂ ಇದೆಯಲ್ಲ, ಅದರಲ್ಲಿ 60 ದಾಟಿದವರಿಗೆ ಅಂತ ಕೆಲವು ಪ್ರಶ್ನೆ ಇವೆ. ಒಂದು ಹೀಗಿದೆ: ಹತ್ತಿರದವರ ಹೆಸರು ಅಥವಾ ನಿಮ್ಮ ಮನೆಯ ವಿಳಾಸ ಮರೆತು ಹೋಗುತ್ತದೆಯೇ? ಅಮ್ಮನನ್ನು ಈ ಪ್ರಶ್ನೆ ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಅಮ್ಮ ನಕ್ಕು "ಇಲ್ಲಮ್ಮ" ಅಂದರು. ನಾನು "ಹೌದು" ಅಂದೆ. ಆಶಾ ಅಕ್ಕ ಹೌದು ಅಂತ ಗುರುತು ಹಾಕಿದರು. ಆಮೇಲೆ ಏನೂ ಆಗಲಿಲ್ಲ. ಶುಗರ್ ಜಾಸ್ತಿ ಇದ್ದರೆ ಎಲ್ಲಿಗೆ ಹೋಗಬೇಕು ಅಂತ ಆಕೆಗೆ ಗೊತ್ತು. ಮರೆವಿಗೆ "ಹೌದು" ಅಂದರೆ ಮುಂದೇನು ಅಂತ ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಬೇಡಿಕೆ ಇಲ್ಲಿಂದ ಶುರು. ಆ "ಹೌದು"ಗೆ ಒಂದು ದಾರಿ ಮಾಡಿಕೊಡಿ. ಹೌದು ಬಂದ ಮನೆಯ ಹಿರಿಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ದಿನ ಕೂರಿಸಿ ನೋಡಲಿ. ನೆನಪಿನ ಸಣ್ಣ ಪರೀಕ್ಷೆ, ಬಿ12, ಥೈರಾಯ್ಡ್, ಕಿವಿ, ಕಣ್ಣು, ಮನಸ್ಸಿನ ಬೇಸರ. ಇವುಗಳಲ್ಲಿ ಸರಿಹೋಗುವಂಥದ್ದೇ ಎಷ್ಟೋ ಇರುತ್ತವೆ. ಉಳಿದವರನ್ನು ಜಿಲ್ಲೆಯ ಬ್ರೈನ್ ಹೆಲ್ತ್ ಕ್ಲಿನಿಕ್‌ಗೆ ತಾರೀಕು ಕೊಟ್ಟು ಕಳಿಸಿ. "ಹೋಗಿ ತೋರಿಸಿ" ಅಂತ ಬಾಯಿಮಾತಲ್ಲಿ ಹೇಳಿದರೆ ನಮ್ಮ ಕಡೆಯವರು ಹೋಗುವುದಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ.

ಆಮೇಲೆ ಆ ಹಳದಿ ಕವರ್. ಶುಗರ್, ಬಿಪಿ, ಮಂಡಿ, ನಿದ್ದೆ, ಮರೆವು, ಎಲ್ಲಕ್ಕೂ ಒಂದೇ ಪುಸ್ತಕ ಮಾಡಿ, ತಾಯಿ ಕಾರ್ಡ್ ಇದ್ದ ಹಾಗೆ. ಗರ್ಭಿಣಿಗೆ ಯಾವ ಆಸ್ಪತ್ರೆಗೆ ಹೋದರೂ ತಾಯಿ ಕಾರ್ಡ್ ಕೇಳುತ್ತಾರೆ ಅಲ್ವಾ? ಹಿರಿಯರಿಗೆ ಯಾಕಿಲ್ಲ? ಅದರ ಮೊದಲ ಪುಟದಲ್ಲೇ ಬರೆದಿರಲಿ: ಇವರಿಗೆ ಮರೆವು ಇದೆ, ಮಾತ್ರೆ ಕೊಡುವವರು ಇಂಥವರು. ಅಷ್ಟು ಬರೆದಿದ್ದರೆ ಅಮ್ಮನಿಗೆ ಶುಗರ್ 41 ಆಗುತ್ತಿರಲಿಲ್ಲ. ಮರೆವು ಇರುವ ಹಿರಿಯರಿಗೆ ಶುಗರನ್ನು ಬಿಗಿಯಾಗಿ ಇಳಿಸುವುದಕ್ಕಿಂತ ಸ್ವಲ್ಪ ಸಡಿಲ ಬಿಡುವುದೇ ಕ್ಷೇಮ, ಶುಗರ್ ಪೂರ್ತಿ ಬಿದ್ದುಹೋದರೆ ಮಿದುಳಿಗೆ ಇನ್ನೂ ಪೆಟ್ಟು ಅಂತ ಆಮೇಲೆ ಒಬ್ಬ ಡಾಕ್ಟ್ರು ವಿವರಿಸಿದರು. ಅಮ್ಮನ ಮಾತ್ರೆ ಬದಲಾಯಿಸಿದರು. ಮೂರು ಹೊತ್ತಿನ ಮಾತ್ರೆಯನ್ನು ಎರಡು ಹೊತ್ತಿಗೆ ತಂದರು. ಈಗ ನಾನು ಶಾಲೆಗೆ ಹೋಗುವ ಮೊದಲು, ಬಂದ ಮೇಲೆ, ನನ್ನ ಕೈಯಿಂದಲೇ ಕೊಡುತ್ತೇನೆ. ಇದು ಪ್ರತಿ ಪಿಎಚ್‌ಸಿ ಡಾಕ್ಟ್ರಿಗೂ ಗೊತ್ತಿರಬೇಕಾದ ವಿಷಯ.

ಇದೆಲ್ಲವನ್ನೂ ಆಶಾ ಅಕ್ಕಂದಿರ ತಲೆ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಅವರ ಚೀಲದಲ್ಲಿ ಈಗಾಗಲೇ ಎಷ್ಟು ರಿಜಿಸ್ಟರ್ ಇವೆ ಅಂತ ನೋಡಿದ್ದೇನೆ. ಕೆಲಸ ಜಾಸ್ತಿ ಮಾಡುವುದಾದರೆ ಗೌರವಧನವನ್ನೂ ಜಾಸ್ತಿ ಮಾಡಿ, ತರಬೇತಿಯ ದಿನಕ್ಕೂ ದುಡ್ಡು ಕೊಡಿ.

ಜೀನ್ ಟೆಸ್ಟ್ ಬಗ್ಗೆಯೂ ಇಲಾಖೆ ಬಾಯಿ ಬಿಡಬೇಕು. ಟೆಸ್ಟೇ ಬೇಡ ಅಂತ ನಾನು ಹೇಳುವುದಿಲ್ಲ. ಐವತ್ತಕ್ಕೆ ಮೊದಲೇ ಕಾಯಿಲೆ ಬಂದ ಕುಟುಂಬಗಳಿಗೆ ಅದು ಬೇಕಾಗಬಹುದು. ಅಂಥವರಿಗೆ ಮೊದಲು ಕೂತು ಮಾತಾಡುವ ಆಪ್ತಸಲಹೆಗಾರರು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಬೇಕು. ಉಳಿದವರಿಗೆ ಮನೆ ಬಾಗಿಲಿಗೆ ಕಿಟ್ ಮಾರುವುದಾದರೆ, ಫಲಿತಾಂಶವನ್ನು ವಿವರಿಸಿ ಹೇಳುವ ಹೊಣೆಯೂ ಮಾರುವವರದ್ದೇ ಆಗಬೇಕು, ಅದೂ ಕನ್ನಡದಲ್ಲಿ. ಮಕ್ಕಳಿಗೆ ಇಂಥ ಟೆಸ್ಟ್ ಮಾಡುವುದನ್ನು ನಿಲ್ಲಿಸಬೇಕು. ಅವರು ದೊಡ್ಡವರಾಗಿ ತಾವೇ ತೀರ್ಮಾನ ಮಾಡಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಊರುಗಳಲ್ಲಿ ಸಂಬಂಧ ನೋಡುವಾಗ "ಆ ಮನೆಯಲ್ಲಿ ಏನೋ ಇದೆಯಂತೆ" ಅನ್ನುವ ಒಂದು ಮಾತು ಸಾಕು. ವಿಮೆಯ ಕಥೆ ಇನ್ನೊಂದು. ವಂಶದಿಂದ ಬರುವ ಕಾಯಿಲೆ ಅಂತ ಹೇಳಿ ಆರೋಗ್ಯ ವಿಮೆಯಿಂದ ಹೊರಗಿಡುವುದು ತಾರತಮ್ಯ ಅಂತ ದಿಲ್ಲಿ ಹೈಕೋರ್ಟ್ 2018ರಲ್ಲಿ ಒಂದು ಪ್ರಕರಣದಲ್ಲಿ ಹೇಳಿತ್ತು. ಅಮೆರಿಕದಲ್ಲಿ 2008ರಲ್ಲೇ ಕೆಲಸಕ್ಕೂ ಆರೋಗ್ಯ ವಿಮೆಗೂ ಸೇರಿ ಇದರ ವಿರುದ್ಧ ಕಾನೂನು ಬಂದಿದೆ. ನಮ್ಮಲ್ಲಿ ಇದಕ್ಕೆ ಅಂತ ಪ್ರತ್ಯೇಕ ಕಾನೂನಿಲ್ಲ. ಅದು ಕೇಂದ್ರದ ಕೆಲಸ ಅನ್ನಬಹುದು ನೀವು. ಸರಿ, ಕೇಂದ್ರಕ್ಕೆ ಬರೆಯುವ ಪತ್ರಕ್ಕೆ ನಮ್ಮ ರಾಜ್ಯದ ಸಹಿ ಬೀಳಲಿ.

2023ರಲ್ಲಿ ಬಂದ ಅಂದಾಜಿನ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಶಿಯಾ ಇದೆ, ಸುಮಾರು 88 ಲಕ್ಷ ಜನ. ಹೆಂಗಸರಲ್ಲಿ, ಹಳ್ಳಿಗಳಲ್ಲಿ ಜಾಸ್ತಿ. ಅದೇ ವರ್ಷ ಬಂದ ಐಸಿಎಂಆರ್ ಅಧ್ಯಯನ ಹೇಳುವಂತೆ ಶುಗರ್ ಇರುವವರು 10 ಕೋಟಿಗೂ ಮೇಲೆ. ನಾನು ಗಣಿತದವಳು, ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆ ಕಾಗದದಲ್ಲಿ ಇಡೋಕೆ ನನಗೆ ಆಗುತ್ತಿಲ್ಲ. ಇವತ್ತಿನ ಶುಗರ್ ರಿಜಿಸ್ಟರಿನಲ್ಲಿ ಇರುವ 45 ವಯಸ್ಸಿನವರಲ್ಲಿ ಎಷ್ಟೋ ಜನ ಇನ್ನು ಇಪ್ಪತ್ತು ವರ್ಷಕ್ಕೆ ಮರೆವಿನ ರಿಜಿಸ್ಟರಿಗೆ ಬರುತ್ತಾರೆ. ಇಬ್ಬರನ್ನೂ ನೋಡುವ ಆಸ್ಪತ್ರೆ ಒಂದೇ, ಹಳ್ಳಿಯೂ ಒಂದೇ.

ಕೊನೆಗೆ ನೋಡಿಕೊಳ್ಳುವವರ ಮಾತು. ನಾನು ಶಾಲೆಗೆ ಹೋದಾಗ ಅಮ್ಮನ ಜೊತೆ ಇರೋಕೆ ಚಿಕ್ಕಮ್ಮ ಬರುತ್ತಾರೆ. ಅವರಿಗೂ 64, ಬಿಪಿ ಇದೆ. ತಿಂಗಳಲ್ಲಿ ನಾಲ್ಕು ದಿನ, ಹಗಲು ಹೊತ್ತು, ಅಮ್ಮನಂಥವರನ್ನು ಕರೆದುಕೊಂಡು ಹೋಗಿ ಕೂರಿಸುವಂಥ ಜಾಗ ತಾಲ್ಲೂಕಿಗೆ ಒಂದಾದರೂ ಬೇಕು. ಬೆಂಗಳೂರಿನಲ್ಲಿ ಕೆಲವು ಸಂಸ್ಥೆಗಳು ಇಂಥದ್ದನ್ನು ನಡೆಸುತ್ತಿವೆ. ಮುಳಬಾಗಿಲಿನಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್.

ತಮ್ಮ ಈಗ ಬಿಪಿ ಮಾತ್ರೆ ತಗೊಳ್ಳುತ್ತಿದ್ದಾನೆ. ಹೋದ ವಾರ 128-82 ಇತ್ತು ಅಂತ ಫೋಟೊ ತೆಗೆದು ಕಳಿಸಿದ. ಮಗಳಿಗೆ ಟೆಸ್ಟ್ ಮಾಡಿಸಿಲ್ಲ. ನಾನು ಟೆಸ್ಟ್ ಮಾಡಿಸಿಕೊಂಡಿಲ್ಲ, ಮಾಡಿಸುವುದೂ ಇಲ್ಲ. ಸಂಜೆ ಕೆರೆ ಏರಿ ಮೇಲೆ ಅಮ್ಮನ ಕೈ ಹಿಡಿದುಕೊಂಡು ಅರ್ಧ ಗಂಟೆ ನಡೆಯುತ್ತೇನೆ. ಅದು ಇಬ್ಬರಿಗೂ ಔಷಧಿ.

ಜಿಲ್ಲೆಯಲ್ಲಿ ಇಂಥ ಮನೆಗಳವರನ್ನು ಕರೆದು ನೀವು ಒಂದು ಸಭೆ ಮಾಡುವುದಾದರೆ, ಶನಿವಾರ ಮಧ್ಯಾಹ್ನದ ಮೇಲೆ ಇಡಿ. ಶಾಲೆ ಬೇಗ ಬಿಡುತ್ತದೆ. ಅಮ್ಮನನ್ನೂ ಆ ಹಳದಿ ಕವರನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ,
ಮುಳಬಾಗಿಲು ತಾಲ್ಲೂಕಿನ ಒಬ್ಬ ಶಿಕ್ಷಕಿ